ಕಾಫಿ ಸಾಗಣೆಗೆ ಸಿಮ್ಯುಲೇಷನ್: ಯಾವ ದಾರಿ ಹಿಡಿಯಬೇಕು?

ಕಾಫಿ ಸಾಗಣೆಯನ್ನು ಕಂಪ್ಯೂಟರಿನಲ್ಲಿ ಅನುಕರಿಸಿ ನೋಡಬೇಕಾ (ಅದೇ ಸಿಮ್ಯುಲೇಷನ್)? ಮೊದಲೇ ಸಾಫ್ಟ್‌ವೇರ್ ಹುಡುಕಲು ಹೋಗಬೇಡಿ. ನಿಮ್ಮ ಪ್ರಶ್ನೆಯನ್ನು ಒಂದು ಸಾಲಲ್ಲಿ ಬರೆಯಿರಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಕುಶಾಲನಗರದ ಕ್ಯೂರಿಂಗ್ ವರ್ಕ್ಸ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆ) ಒಂದರ ಗೇಟು ಅಂದುಕೊಳ್ಳಿ. ಕೊಯ್ಲು ಮುಗಿಯುವ ಸಮಯ, ಲಾರಿ ತೂಗುವ ವೇಬ್ರಿಡ್ಜ್ ಒಂದೇ. ಗಂಟೆಗೆ 5 ಲಾರಿ ಬರುತ್ತವೆ, ಒಂದನ್ನು ತೂಗಲು 10 ನಿಮಿಷ, ಅಂದರೆ ಗಂಟೆಗೆ 6 ತೂಗಬಹುದು, ಹಾಗಾದರೆ ಸಾಲೇ ನಿಲ್ಲಬಾರದು ಅಲ್ವಾ? ಆದರೆ ಲಾರಿ ಬರುವ ಹೊತ್ತು, ತೂಗುವ ಹೊತ್ತು ಎರಡೂ ಮನಸ್ಸಿಗೆ ಬಂದಂತೆ ಏರುಪೇರಾದರೆ, ಕ್ಯೂ ಸಿದ್ಧಾಂತದ (ಸಾಲಿನಲ್ಲಿ ಕಾಯುವುದರ ಗಣಿತ) ಸರಳ ಸೂತ್ರದ ಪ್ರಕಾರ ಸರಾಸರಿ 50 ನಿಮಿಷ ಕಾಯಬೇಕು! ಇಂಥ ಸಾಲು, ಯಂತ್ರ, ಲಾರಿಯ ಪ್ರಶ್ನೆಗೆ ಡಿಸ್ಕ್ರೀಟ್ ಇವೆಂಟ್ ಮಾದರಿಯೇ ಸರಿ, ಅಂದರೆ ಲಾರಿ ಬಂತು, ತೂಗಿತು, ಹೋಯಿತು ಎಂದು ಒಂದೊಂದೇ ಘಟನೆ ಲೆಕ್ಕ ಹಾಕುವುದು. ಪೈಥಾನ್ ಪ್ರೋಗ್ರಾಮಿಂಗ್ ಬಂದರೆ, ಇದಕ್ಕೆಂದೇ ಇರುವ ಸಿಮ್‌ಪೈ ಲೈಬ್ರರಿ ಉಚಿತವಾಗಿ ಸಿಗುತ್ತದೆ.

ಬೆಲೆ ಏರಿತು, ಎಲ್ಲರೂ ಗಿಡ ನೆಟ್ಟರು, ಕೆಲವು ವರ್ಷದ ಮೇಲೆ ಫಸಲು ಜಾಸ್ತಿಯಾಗಿ ಬೆಲೆ ಬಿತ್ತು. ಇದು ಸುತ್ತಿ ಸುತ್ತಿ ಬರುವ ಕಥೆ, ಇದಕ್ಕೆ ಸಿಸ್ಟಮ್ ಡೈನಾಮಿಕ್ಸ್, ಅಂದರೆ ಒಂದರ ಪರಿಣಾಮ ತಿರುಗಿ ಅದರ ಮೇಲೆಯೇ ಬೀಳುವುದನ್ನು ಲೆಕ್ಕ ಹಾಕುವುದು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೇ ಫಾರೆಸ್ಟರ್ 1950ರ ದಶಕದಲ್ಲಿ ಶುರುಮಾಡಿದ ವಿಧಾನ.

ಒಬ್ಬ ಬೆಳೆಗಾರ ಮೂಟೆ ಮಾರುತ್ತಾನೆ, ಪಕ್ಕದವನು ಅದನ್ನು ನೋಡಿ ತನ್ನದನ್ನು ಗೋದಾಮಿನಲ್ಲೇ ಇಡುತ್ತಾನೆ ಅನ್ನುವುದು ಮುಖ್ಯವಾದರೆ ಏಜೆಂಟ್ ಮಾದರಿ, ಅಂದರೆ ಒಬ್ಬೊಬ್ಬರ ನಿರ್ಧಾರವನ್ನೂ ಬೇರೆಬೇರೆಯಾಗಿ ಅನುಕರಿಸುವುದು. ಚೆನ್ನಾಗಿರುತ್ತದೆ, ಆದರೆ ಡೇಟಾ ಬೇಡಿ ಬೇಡಿ ಸಾಯಿಸುತ್ತದೆ.

ಬರೀ ಮಳೆ, ಇಳುವರಿಯ ಏರುಪೇರಾದರೆ ಎಕ್ಸೆಲ್‌ನಲ್ಲಿ ಮಾಂಟೆ ಕಾರ್ಲೊ ಸಾಕು, ಅಂದರೆ ಯಾದೃಚ್ಛಿಕ ಅಂಕಿ ಹಾಕಿ ಅದೇ ಲೆಕ್ಕವನ್ನು ನೂರಾರು ಸಲ ಮಾಡುವುದು. ಹಾಂ, 2018ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಮಡಿಕೇರಿ-ಮಂಗಳೂರು ರಸ್ತೆ ಮುಚ್ಚಿದಂಥದ್ದು ಸರಾಸರಿಯಲ್ಲಿ ಕಾಣುವುದಿಲ್ಲ, ಅದನ್ನು ಬೇರೆ ಸನ್ನಿವೇಶವಾಗಿ ಕೈಯಾರೆ ಸೇರಿಸಿ.

ಯಾವುದೇ ಆಗಲಿ, ಮಾದರಿ ಕೊಟ್ಟ ಉತ್ತರವನ್ನು ಹೋದ ಸೀಸನ್ನಿನ ಗೇಟ್ ರಿಜಿಸ್ಟರ್ ಎದುರಿಗಿಟ್ಟು ತಾಳೆ ನೋಡಿ.