ವೈರ್ ಬೇಡ, ಸದ್ದೂ ಕೆಡಬಾರದು: ಕಂಪ್ಯೂಟರ್‌ಗೆ ಬ್ಲೂಟೂತ್ ಟ್ರಾನ್ಸ್‌ಮಿಟರ್ ಹಾಕುವ ಬಗೆ

ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಬ್ಲೂಟೂತ್ ಸಾಮಾನ್ಯವಾಗಿ ಇರುವುದಿಲ್ಲ. ಲ್ಯಾಪ್‌ಟಾಪ್‌ಗಳಲ್ಲಿ ಇದೆ. ಆದರೆ ಮೊಬೈಲ್‌ಗೆ ಹಾಕಿದಾಗ ಸೊಗಸಾಗಿ ಕೇಳುವ ಹೆಡ್‌ಫೋನ್, ಲ್ಯಾಪ್‌ಟಾಪ್‌ಗೆ ಹಾಕಿದರೆ ಯಾಕೋ ಸಪ್ಪೆ ಎನಿಸುತ್ತದೆ. ಮೀಟಿಂಗ್ ಶುರುವಾದರಂತೂ ಹಳೇ ಲ್ಯಾಂಡ್‌ಲೈನ್ ಫೋನಿನ ದನಿ. ಮೀಟಿಂಗ್ ದನಿಗೆ ಬೇರೆ ಮದ್ದಿದೆ, ಅದು ಮುಂದೆ ಬರುತ್ತದೆ. ಉಳಿದ ತೊಂದರೆಗಳಿಗೆ ಪೆನ್‌ಡ್ರೈವ್ ಗಾತ್ರದ ಟ್ರಾನ್ಸ್‌ಮಿಟರ್, ಅಂದರೆ ಕಂಪ್ಯೂಟರ್‌ನ ಸದ್ದನ್ನು ಬ್ಲೂಟೂತ್‌ನಲ್ಲಿ ಹೆಡ್‌ಫೋನ್‌ಗೆ ಕಳಿಸುವ ಸಾಧನ, ಒಳ್ಳೆಯ ಪರಿಹಾರ. ಆದರೆ ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲಿರುವ ಹೆಡ್‌ಫೋನ್ ಎಂಥದ್ದು ಎಂದು ನೋಡಿಕೊಳ್ಳಬೇಕು. ದುಡ್ಡು ದಂಡವಾಗುವುದು ಹೆಚ್ಚಾಗಿ ಈ ಹಂತ ಬಿಟ್ಟವರಿಗೇ.

ಮೊದಲು ಹೆಡ್‌ಫೋನ್ ನೋಡಿ

ಸಿ.ಡಿ.ಯಲ್ಲಿರುವ ಹಾಡು ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್ ಮಾಹಿತಿ ಕೇಳುತ್ತದೆ. ಮಾಮೂಲಿ ಬ್ಲೂಟೂತ್‌ನಲ್ಲಿ ಅಷ್ಟು ಹೋಗುವುದಿಲ್ಲ. ಹಾಗಾಗಿ ಕಳಿಸುವ ಕಡೆ ಹಾಡನ್ನು ಕುಗ್ಗಿಸಬೇಕು, ಕೇಳುವ ಕಡೆ ಮತ್ತೆ ಬಿಡಿಸಬೇಕು. ಈ ಕುಗ್ಗಿಸುವ ವಿಧಾನವೇ ಕೋಡೆಕ್. ಎಲ್ಲ ಬ್ಲೂಟೂತ್ ಹೆಡ್‌ಫೋನ್‌ಗಳಲ್ಲೂ ಇರುವುದು ಎಸ್‌ಬಿಸಿ. ಅದರ ಸಾಮಾನ್ಯ ಮಿತಿ 328 ಕಿಲೋಬಿಟ್. ಆ್ಯಪಲ್‌ನವರ ಇಯರ್‌ಬಡ್ಸ್ ಎಎಸಿ ಎಂಬ ಕೋಡೆಕ್ ನೆಚ್ಚಿಕೊಂಡಿವೆ. ಆಪ್ಟ್‌ಎಕ್ಸ್ ಎಂಬ ಕೋಡೆಕ್‌ನದು 352 ಕಿಲೋಬಿಟ್, ಅದರದೇ ಇನ್ನೊಂದು ಬಗೆ ಆಪ್ಟ್‌ಎಕ್ಸ್ ಎಚ್‌ಡಿಯದು 576. ಸೋನಿ ರೂಪಿಸಿದ ಎಲ್‌ಡ್ಯಾಕ್ 330, 660, 990 ಎಂಬ ಮೂರು ಮಟ್ಟದಲ್ಲಿ ಓಡುತ್ತದೆ.

ಕೋಡೆಕ್ ಎರಡೂ ಕಡೆ ಇರಬೇಕು. ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ, ಎರಡಕ್ಕೂ ಗೊತ್ತಿರುವ ಎಸ್‌ಬಿಸಿಗೆ ಇಳಿಯುತ್ತವೆ. ಯಾವ ಎಚ್ಚರಿಕೆಯೂ ಬರುವುದಿಲ್ಲ. ಸೋನಿಯ ಡಬ್ಲ್ಯುಎಚ್-1000ಎಕ್ಸ್‌ಎಂ4 ತೆಗೆದುಕೊಳ್ಳಿ. ಅದರಲ್ಲಿ ಎಲ್‌ಡ್ಯಾಕ್ ಇದೆ, ಆಪ್ಟ್‌ಎಕ್ಸ್ ಇಲ್ಲ. ಕ್ರಿಯೇಟಿವ್ ಕಂಪನಿಯ ಬಿಟಿ-ಡಬ್ಲ್ಯು3 ಟ್ರಾನ್ಸ್‌ಮಿಟರ್‌ನಲ್ಲಿ ಆಪ್ಟ್‌ಎಕ್ಸ್‌ನ ಬಗೆಗಳಿವೆ, ಎಲ್‌ಡ್ಯಾಕ್ ಇಲ್ಲ. ಎರಡೂ ಒಳ್ಳೆಯ ಮಾಲೇ. ಜೋಡಿ ಮಾಡಿದರೆ ಸಿಗುವುದು ಎಸ್‌ಬಿಸಿ ಮಾತ್ರ. ಅದೇ ಸೆನ್‌ಹೈಸರ್ ಮೊಮೆಂಟಮ್ 4 ಇದ್ದವರಿಗೆ ಆಪ್ಟ್‌ಎಕ್ಸ್ ಅಡಾಪ್ಟಿವ್ ಇರುವ ಟ್ರಾನ್ಸ್‌ಮಿಟರ್ ಹೇಳಿ ಮಾಡಿಸಿದ ಹಾಗಿರುತ್ತದೆ.

ಹೆಡ್‌ಫೋನ್ ಡಬ್ಬ ಎಸೆದಾಗಿದೆಯೇ? ಆಂಡ್ರಾಯ್ಡ್ ಫೋನ್ ಇದ್ದರೆ ಸಾಕು. ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ತೆರೆದು ‘ಬಿಲ್ಡ್ ನಂಬರ್’ ಮೇಲೆ ಏಳು ಸಲ ಒತ್ತಿ. ‘ಡೆವಲಪರ್ ಆಪ್ಷನ್ಸ್’ ಕಾಣಿಸಿಕೊಳ್ಳುತ್ತದೆ. ಹೆಡ್‌ಫೋನ್ ಜೋಡಿಸಿ ಹಾಡು ಹಾಕಿ, ಅಲ್ಲಿನ ‘ಬ್ಲೂಟೂತ್ ಆಡಿಯೊ ಕೋಡೆಕ್’ ನೋಡಿ. ಈಗ ಯಾವುದು ಓಡುತ್ತಿದೆ ಎಂದು ತೋರಿಸುತ್ತದೆ. ಉಳಿದವನ್ನು ಬೇಕಾಬಿಟ್ಟಿ ಮುಟ್ಟದೆ ಹೊರಗೆ ಬನ್ನಿ. ಎಲ್‌ಡ್ಯಾಕ್ ಆಂಡ್ರಾಯ್ಡ್ 8ರಿಂದಲೇ ಇದೆ. ಆದರೆ ಆಪ್ಟ್‌ಎಕ್ಸ್ ಎಲ್ಲ ಫೋನ್‌ಗಳಲ್ಲೂ ಇರುವುದಿಲ್ಲ. ಹಾಗಾಗಿ ಹೆಡ್‌ಫೋನ್ ಕಂಪನಿಯ ಜಾಲತಾಣದಲ್ಲೂ ಒಮ್ಮೆ ನೋಡುವುದು ಒಳ್ಳೆಯದು.

ಎಸ್‌ಬಿಸಿ ಮತ್ತು ಎಎಸಿ ಮಾತ್ರ ಇದೆ ಎಂದು ಗೊತ್ತಾಯಿತೇ? ಕಡಿಮೆ ಬೆಲೆಯ ಇಯರ್‌ಬಡ್ಸ್‌ಗಳಲ್ಲಿ ಹೆಚ್ಚಾಗಿ ಇಷ್ಟೇ. ಆಗ ದುಬಾರಿ ಟ್ರಾನ್ಸ್‌ಮಿಟರ್ ಕೊಳ್ಳಬೇಡಿ. ವಿಂಡೋಸ್ 11ರಲ್ಲಿ ಎಎಸಿ ಈಗಾಗಲೇ ಇದೆ, ಲ್ಯಾಪ್‌ಟಾಪ್‌ನ ಬ್ಲೂಟೂತೇ ಸಾಕು. ಲಿನಕ್ಸ್ ಬಳಸುವವರ ಅದೃಷ್ಟ ಇನ್ನೂ ಚೆನ್ನಾಗಿದೆ. ಪೈಪ್‌ವೈರ್ ಎಂಬ ಸದ್ದಿನ ತಂತ್ರಾಂಶ ಇರುವ ಲಿನಕ್ಸ್‌ಗಳಲ್ಲಿ ಎಲ್‌ಡ್ಯಾಕ್, ಆಪ್ಟ್‌ಎಕ್ಸ್ ಎಚ್‌ಡಿ ಕೂಡ ಹೆಚ್ಚಾಗಿ ಪುಕ್ಕಟೆ ಸಿಗುತ್ತವೆ. ವಿಂಡೋಸ್ ಮಾತ್ರ ಎಲ್‌ಡ್ಯಾಕ್ ವಿಷಯದಲ್ಲಿ ಇಂದಿಗೂ ಜಿಪುಣ.

ಏನೆಂದು ಕೇಳಿ ಕೊಳ್ಳಬೇಕು

ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋಗಿ ‘ಬ್ಲೂಟೂತ್ ಡಾಂಗಲ್ ಕೊಡಿ’ ಎಂದರೆ ಕೈಗೆ ಬರುವುದು ಕೆಲವು ನೂರು ರೂಪಾಯಿಯ ಅಡಾಪ್ಟರ್. ಉಗುರಿನಷ್ಟು ಚಿಕ್ಕದು. ಕಂಪ್ಯೂಟರ್‌ಗೆ ಬ್ಲೂಟೂತ್ ರೇಡಿಯೊ ಸೇರಿಸುವುದಷ್ಟೇ ಅದರ ಕೆಲಸ. ಹಾಡನ್ನು ಕುಗ್ಗಿಸುವುದು ವಿಂಡೋಸ್‌. ಬ್ಲೂಟೂತ್ ಇಲ್ಲದ ಡೆಸ್ಕ್‌ಟಾಪ್‌ಗೆ ಮೌಸ್, ಕೀಬೋರ್ಡ್ ಜೋಡಿಸಲು ಅದು ಸರಿ.

ಗುಣಮಟ್ಟದ ಸದ್ದು ಬೇಕಾದವರು ಕೇಳಬೇಕಾದ್ದು ಯುಎಸ್‌ಬಿ ಆಡಿಯೊ ಟ್ರಾನ್ಸ್‌ಮಿಟರ್. ಇದು ಬೇರೆಯೇ ಜಾತಿ. ಚುಚ್ಚಿದ ಕೂಡಲೇ ಕಂಪ್ಯೂಟರ್ ಇದನ್ನು ಒಂದು ಯುಎಸ್‌ಬಿ ಸೌಂಡ್ ಕಾರ್ಡ್ ಎಂದುಕೊಳ್ಳುತ್ತದೆ. ಡ್ರೈವರ್ ಬೇಡ. ವಿಂಡೋಸ್, ಮ್ಯಾಕ್, ಲಿನಕ್ಸ್ ಯಾವುದಾದರೂ ನಡೆಯುತ್ತದೆ. ಕುಗ್ಗಿಸುವ ಕೆಲಸವೆಲ್ಲ ಟ್ರಾನ್ಸ್‌ಮಿಟರ್ ಒಳಗೇ ನಡೆಯುವುದರಿಂದ ವಿಂಡೋಸ್‌ಗೆ ಎಲ್‌ಡ್ಯಾಕ್ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಡಬ್ಬದ ಮೇಲೆ ಕೋಡೆಕ್‌ಗಳ ಹೆಸರು ಸ್ಪಷ್ಟವಾಗಿ ಬರೆದಿರುತ್ತದೆ, ಬರೆದಿಲ್ಲದಿದ್ದರೆ ಬಿಟ್ಟುಬಿಡಿ. ಬೆಲೆ ನೂರುಗಳಲ್ಲಿ ಮುಗಿಯುವುದಿಲ್ಲ, ಸಾವಿರಗಳಿಗೆ ಹೋಗುತ್ತದೆ.

‘ಸಾರ್, ಇದು 5.3’ ಎಂದು ಅಂಗಡಿಯವರು ಹೇಳಬಹುದು. ಅದು ಬ್ಲೂಟೂತ್‌ನ ಆವೃತ್ತಿ ಸಂಖ್ಯೆ. 4.2 ಇದ್ದದ್ದು 5.3 ಆದ ಮಾತ್ರಕ್ಕೆ ಹಾಡು ಚೆನ್ನಾಗಿ ಕೇಳಿಸುವುದಿಲ್ಲ. ಕೋಡೆಕ್ ಯಾವುದೆಂದು ಕೇಳಿ.

ಇನ್ನೂ ಎರಡು ಬಗೆಗಳಿವೆ. ಡೆಸ್ಕ್‌ಟಾಪ್‌ನ ಹಿಂದೆ ಚೌಕಾಕಾರದ ಆಪ್ಟಿಕಲ್ ಕಿಂಡಿ ಇದ್ದರೆ ಅದಕ್ಕೆ ಹೊಂದುವ ಟ್ರಾನ್ಸ್‌ಮಿಟರ್ ಸಿಗುತ್ತದೆ. ಸದ್ದು ಡಿಜಿಟಲ್ ರೂಪದಲ್ಲೇ ಹೋಗುತ್ತದೆ, ಟಿ.ವಿ.ಗೂ ಅದೇ ಆಗುತ್ತದೆ. ಕೊನೆಯದು 3.5 ಮಿ.ಮೀ. ಹೆಡ್‌ಫೋನ್ ಜ್ಯಾಕ್‌ಗೆ ಚುಚ್ಚುವಂಥದ್ದು. ಇದರಲ್ಲಿ ಡಿಜಿಟಲ್ ಸದ್ದು ಮೊದಲು ಅನಲಾಗ್ ಆಗುತ್ತದೆ, ಟ್ರಾನ್ಸ್‌ಮಿಟರ್‌ನಲ್ಲಿ ಮತ್ತೆ ಡಿಜಿಟಲ್, ಹೆಡ್‌ಫೋನ್‌ನಲ್ಲಿ ಮತ್ತೆ ಅನಲಾಗ್. ಕಂಪ್ಯೂಟರ್ ಒಳಗಿನ ಗುಂಯ್‌ಗುಟ್ಟುವಿಕೆಯೂ ಜೊತೆಗೆ ಬರಬಹುದು. ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಇದು.

ಜೋಡಿಸುವುದು

ಟ್ರಾನ್ಸ್‌ಮಿಟರ್ ಚುಚ್ಚುವ ಮೊದಲು ಒಂದು ಕೆಲಸ ಮಾಡಿ. ಮೊಬೈಲ್‌ನ ಬ್ಲೂಟೂತ್ ಆಫ್ ಮಾಡಿ. ಇಲ್ಲದಿದ್ದರೆ ಹೆಡ್‌ಫೋನ್ ಆನ್ ಆದ ಕೂಡಲೇ ಹಳೆಯ ಗೆಳೆಯನ ಕಡೆಗೇ ಓಡುತ್ತದೆ.

ಈಗ ಟ್ರಾನ್ಸ್‌ಮಿಟರ್ ಚುಚ್ಚಿ, ಅದರ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ದೀಪ ಬೇಗ ಬೇಗ ಮಿನುಗತೊಡಗುತ್ತದೆ. ಹೆಡ್‌ಫೋನನ್ನೂ ಪೇರಿಂಗ್‌ಗೆ ಹಾಕಿ. ಬಹಳಷ್ಟು ಮಾದರಿಗಳಲ್ಲಿ ಪವರ್ ಬಟನ್ ಐದಾರು ಸೆಕೆಂಡ್ ಒತ್ತಿದರೆ ಆಗುತ್ತದೆ. ಎರಡನ್ನೂ ಪಕ್ಕಪಕ್ಕ ಇಡಿ. ಕಂಪ್ಯೂಟರ್‌ನ ಬ್ಲೂಟೂತ್ ಮೆನುವಿಗೆ ಹೋಗಿ ಹುಡುಕಬೇಡಿ, ಅಲ್ಲಿ ಏನೂ ಸಿಗುವುದಿಲ್ಲ. ಜೋಡಿ ನಡೆಯುವುದು ಟ್ರಾನ್ಸ್‌ಮಿಟರ್ ಮತ್ತು ಹೆಡ್‌ಫೋನ್ ನಡುವೆ ಮಾತ್ರ. ಟ್ರಾನ್ಸ್‌ಮಿಟರ್‌ಗೆ ಪರದೆ ಇಲ್ಲವಲ್ಲ, ಹತ್ತಿರದಲ್ಲಿ ಪೇರಿಂಗ್‌ನಲ್ಲಿರುವ ಯಾವುದನ್ನಾದರೂ ಅದು ಹಿಡಿದುಕೊಳ್ಳಬಹುದು. ಅಪಾರ್ಟ್‌ಮೆಂಟ್‌ನಲ್ಲಿ ಪಕ್ಕದ ಮನೆಯ ಸ್ಪೀಕರ್ ನಿಮ್ಮ ಹಾಡು ಹಾಡಲು ಶುರು ಮಾಡಿದರೆ ಆಶ್ಚರ್ಯ ಬೇಡ!

ದೀಪ ನಿಂತರೆ ಜೋಡಿಯಾಯಿತು. ಕೆಲವು ಟ್ರಾನ್ಸ್‌ಮಿಟರ್‌ಗಳಲ್ಲಿ ದೀಪದ ಬಣ್ಣವೇ ಯಾವ ಕೋಡೆಕ್ ಓಡುತ್ತಿದೆ ಎಂದು ಹೇಳುತ್ತದೆ. ಬಣ್ಣಗಳ ಅರ್ಥ ಜೊತೆಗೆ ಬಂದ ಚೀಟಿಯಲ್ಲಿರುತ್ತದೆ, ಅದನ್ನು ಎಸೆಯಬೇಡಿ. ಸೋನಿ ಹೆಡ್‌ಫೋನ್‌ನಲ್ಲಿ ಎಲ್‌ಡ್ಯಾಕ್ ಬರದಿದ್ದರೆ, ಮೊಬೈಲ್‌ನಲ್ಲಿ ಅದರ ಆ್ಯಪ್ ತೆರೆದು ‘ಸೌಂಡ್ ಕ್ವಾಲಿಟಿಗೆ ಆದ್ಯತೆ’ ಎಂಬ ಆಯ್ಕೆ ಆನ್ ಇದೆಯೇ ನೋಡಿ. ಒಟ್ಟಿಗೆ ಎರಡು ಸಾಧನಗಳಿಗೆ ಜೋಡಿಸುವ ಸೌಲಭ್ಯ ಆನ್ ಇದ್ದರೆ ಕೆಲವು ಮಾದರಿಗಳು ಎಲ್‌ಡ್ಯಾಕ್ ಬಿಟ್ಟುಕೊಡುತ್ತವೆ.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್‌ಗೆ ಹೋಗಿ. ಔಟ್‌ಪುಟ್ ಪಟ್ಟಿಯಲ್ಲಿ ಟ್ರಾನ್ಸ್‌ಮಿಟರ್ ಹೆಸರು ಕಾಣುತ್ತದೆ, ಹೆಡ್‌ಫೋನ್ ಹೆಸರಲ್ಲ. ಅದನ್ನು ಆರಿಸಿ, ಒಳಗೆ ಹೋಗಿ. ‘ಆಡಿಯೊ ಎನ್‌ಹ್ಯಾನ್ಸ್‌ಮೆಂಟ್ಸ್’ ಆಫ್ ಮಾಡಿ. ಫಾರ್ಮ್ಯಾಟ್‌ನಲ್ಲಿ 24 ಬಿಟ್ ಇದ್ದರೆ ಅದನ್ನು ಆರಿಸಿ, ಇಲ್ಲದಿದ್ದರೆ 16 ಬಿಟ್ ಧಾರಾಳ ಸಾಕು. ಕಂಪ್ಯೂಟರ್ ವಾಲ್ಯೂಮ್ ಜಾಸ್ತಿ ಇಟ್ಟು, ಹೆಚ್ಚು ಕಡಿಮೆ ಮಾಡುವುದನ್ನು ಹೆಡ್‌ಫೋನ್‌ನಲ್ಲೇ ಮಾಡಿ. ಮೊದಲ ಸಲ ಮಾತ್ರ ಹೆಡ್‌ಫೋನ್ ವಾಲ್ಯೂಮ್ ಇಳಿಸಿಕೊಂಡು ಕಿವಿಗೆ ಹಾಕಿ.

ಕೇಳುವ ಹಾಡೂ ಚೆನ್ನಾಗಿರಬೇಕು ತಾನೆ? ಯೂಟ್ಯೂಬ್ ಸದ್ದು ಸುಮಾರು 128ರಿಂದ 160 ಕಿಲೋಬಿಟ್‌ನಲ್ಲೇ ಬರುತ್ತದೆ. ಅದನ್ನು 990ರ ಎಲ್‌ಡ್ಯಾಕ್‌ನಲ್ಲಿ ಕಳಿಸಿದರೂ ಇಲ್ಲದ್ದು ಹುಟ್ಟುವುದಿಲ್ಲ. ವ್ಯತ್ಯಾಸ ಕೇಳಬೇಕಾದರೆ ಸಿ.ಡಿ.ಯಿಂದ ಇಳಿಸಿಕೊಂಡ ಫ್ಲ್ಯಾಕ್ ಫೈಲ್ ಅಥವಾ ಲಾಸ್‌ಲೆಸ್ (ಮಾಹಿತಿ ಏನೂ ಕಳೆಯದ ಸದ್ದು) ಇರುವ ಸ್ಟ್ರೀಮಿಂಗ್ ಸೇವೆ ಬೇಕು.

ಮೀಟಿಂಗ್‌ನಲ್ಲಿ ದನಿ ಕೆಡುವುದೇಕೆ

ಮನೆಯಿಂದ ಕೆಲಸ ಮಾಡುವವರ ಸಾಮಾನ್ಯ ದೂರು ಇದು. ಬ್ಲೂಟೂತ್‌ನಲ್ಲಿ ಹಾಡಿಗೆ ಒಂದು ದಾರಿ, ಫೋನ್ ಮಾತಿಗೆ ಇನ್ನೊಂದು. ಹಾಡಿನ ದಾರಿ ಒಂದೇ ದಿಕ್ಕಿನದು, ಸ್ಟೀರಿಯೊ. ಹೆಡ್‌ಫೋನ್‌ನ ಮೈಕ್ ಆನ್ ಆದ ತಕ್ಷಣ ಮಾತಿನ ದಾರಿಗೆ ಹೊರಳಬೇಕಾಗುತ್ತದೆ. ಅಲ್ಲಿ ಮೋನೊ ಸದ್ದು, ಸಾಮಾನ್ಯವಾಗಿ ಸೆಕೆಂಡಿಗೆ 8,000 ಅಥವಾ 16,000 ಸ್ಯಾಂಪಲ್ (ಸದ್ದಿನ ಅಳತೆ) ಮಾತ್ರ. ಸಿ.ಡಿ.ಯಲ್ಲಿ ಇದು 44,100. ದುಬಾರಿ ಟ್ರಾನ್ಸ್‌ಮಿಟರ್ ತಂದರೂ ಹೆಡ್‌ಫೋನ್ ಮೈಕ್ ಬಳಸಿದರೆ ಇದು ತಪ್ಪುವುದಿಲ್ಲ.

ಮದ್ದು ಸುಲಭ. ಝೂಮ್, ಮೀಟ್, ಟೀಮ್ಸ್ ಯಾವುದೇ ಇರಲಿ, ಆಡಿಯೊ ಸೆಟ್ಟಿಂಗ್ಸ್ ತೆರೆದು ಸ್ಪೀಕರ್ ಜಾಗದಲ್ಲಿ ಟ್ರಾನ್ಸ್‌ಮಿಟರ್, ಮೈಕ್ ಜಾಗದಲ್ಲಿ ಲ್ಯಾಪ್‌ಟಾಪ್‌ನದೇ ಮೈಕ್ ಆರಿಸಿ. ಡೆಸ್ಕ್‌ಟಾಪ್ ಇದ್ದರೆ ವೆಬ್‌ಕ್ಯಾಮ್‌ನ ಮೈಕ್ ಆದೀತು. ಎದುರಿನವರಿಗೂ ನಿಮ್ಮ ದನಿ ಹೆಚ್ಚು ಸ್ಪಷ್ಟವಾಗಿ ಕೇಳಿಸುತ್ತದೆ.

ಎಲ್‌ಇ ಆಡಿಯೊ ಎಂಬ ಹೊಸ ಬಗೆ ಈ ತೊಡಕನ್ನು ಬಿಡಿಸುತ್ತದೆ. ಅದು 2020ರಲ್ಲಿ ಘೋಷಣೆಯಾಯಿತು, ವಿಂಡೋಸ್ 11ಕ್ಕೂ ಬಂದಿದೆ. ಆದರೆ ಲ್ಯಾಪ್‌ಟಾಪ್ ಚಿಪ್, ಡ್ರೈವರ್, ಹೆಡ್‌ಫೋನ್ ಮೂರೂ ಒಪ್ಪಬೇಕು. ಸದ್ಯಕ್ಕೆ ಅದನ್ನೇ ನಂಬಿ ಹೆಡ್‌ಫೋನ್ ಬದಲಿಸಲು ನಾನಂತೂ ಹೇಳುವುದಿಲ್ಲ.

ಸದ್ದು ಕಡಿದು ಕಡಿದು ಬಂದರೆ

ಟ್ರಾನ್ಸ್‌ಮಿಟರ್ ಎಲ್ಲಿ ಚುಚ್ಚಿದ್ದೀರಿ ನೋಡಿ. ನೀಲಿ ಬಣ್ಣದ ಯುಎಸ್‌ಬಿ 3 ಕಿಂಡಿ, ಅದರ ಪಕ್ಕದಲ್ಲೇ ಹಾರ್ಡ್ ಡಿಸ್ಕ್ ಇದ್ದರೆ ಅದೇ ಕಾರಣ ಇರಬಹುದು. ಯುಎಸ್‌ಬಿ 3 ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ರೇಡಿಯೊ ಗದ್ದಲ ಎಬ್ಬಿಸುತ್ತದೆ ಎಂದು ಇಂಟೆಲ್ 2012ರಲ್ಲೇ ಹೇಳಿತ್ತು. ಬ್ಲೂಟೂತ್ ಓಡುವುದೂ ಅಲ್ಲೇ. ಟ್ರಾನ್ಸ್‌ಮಿಟರನ್ನು ಕಪ್ಪು ಯುಎಸ್‌ಬಿ 2 ಕಿಂಡಿಗೆ ಹಾಕಿ. ಇನ್ನೂ ಒಳ್ಳೆಯದೆಂದರೆ ಒಂದು ಚಿಕ್ಕ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ತಂದು ಟ್ರಾನ್ಸ್‌ಮಿಟರನ್ನು ಮೇಜಿನ ಮೇಲೆ, ಕಣ್ಣಿಗೆ ಕಾಣುವ ಹಾಗೆ ಇಡಿ. ಡೆಸ್ಕ್‌ಟಾಪ್‌ನ ಲೋಹದ ಡಬ್ಬದ ಹಿಂದೆ ಇದ್ದರೆ ಸಿಗ್ನಲ್ ಅರ್ಧ ಅಲ್ಲೇ ಸೋರಿಹೋಗುತ್ತದೆ.

ವೈಫೈ ಕೂಡ 2.4 ಗಿಗಾಹರ್ಟ್ಸ್‌ನಲ್ಲೇ ಓಡುತ್ತಿದ್ದರೆ ಅದನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ. ಇಷ್ಟೆಲ್ಲ ಆದ ಮೇಲೂ ಕಡಿದರೆ ಎಲ್‌ಡ್ಯಾಕನ್ನು 990ರಿಂದ 660ಕ್ಕೆ ಇಳಿಸಿ. ಕಡಿಯದ 660, ಕಡಿಯುವ 990ಕ್ಕಿಂತ ಎಷ್ಟೋ ಮೇಲು.

ತುಟಿ ಮೊದಲು, ಮಾತು ಆಮೇಲೆ

ಎಸ್‌ಬಿಸಿಯಲ್ಲಿ ಸದ್ದು ಸಾಮಾನ್ಯವಾಗಿ 150ರಿಂದ 250 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಎಲ್‌ಡ್ಯಾಕ್ ಕೂಡ ಇದರಲ್ಲಿ ಚುರುಕಿಲ್ಲ. ಹಾಡಿಗೆ ತೊಂದರೆಯಿಲ್ಲ, ಸಿನಿಮಾಕ್ಕೆ ಗೊತ್ತಾಗುತ್ತದೆ. ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್‌ನಲ್ಲಿ ನೋಡುವುದಾದರೆ ಕೀಬೋರ್ಡ್‌ನ ‘ಜೆ’ ಒತ್ತಿ. ಪ್ರತಿ ಸಲಕ್ಕೂ ಸದ್ದು 50 ಮಿಲಿಸೆಕೆಂಡ್ ಮುಂಚೆ ಬರುತ್ತದೆ. ಜಾಸ್ತಿಯಾದರೆ ‘ಕೆ’ ಒತ್ತಿ ಹಿಂದಕ್ಕೆ ತನ್ನಿ. ಆಪ್ಟ್‌ಎಕ್ಸ್ ಲೋ ಲೇಟೆನ್ಸಿ ಎರಡೂ ಕಡೆ ಇದ್ದರೆ ತಡ ಸುಮಾರು 40 ಮಿಲಿಸೆಕೆಂಡ್‌ಗೆ ಇಳಿಯುತ್ತದೆ, ಸಿನಿಮಾದಲ್ಲಿ ಅದು ಗೊತ್ತೇ ಆಗುವುದಿಲ್ಲ. ಆದರೆ ಈ ಕೋಡೆಕ್ ಇರುವ ಹೆಡ್‌ಫೋನ್‌ಗಳು ಕಡಿಮೆ.

ಗುಂಡು ಹಾರಿಸುವ ಆಟ ಆಡುವ ಮಕ್ಕಳು, ಕಂಪ್ಯೂಟರ್‌ಗೆ ಕೀಬೋರ್ಡ್ ಜೋಡಿಸಿ ನುಡಿಸಿ ರೆಕಾರ್ಡ್ ಮಾಡುವವರು ಈ ಗೋಜಿಗೇ ಹೋಗಬೇಡಿ. ಬೆರಳು ಒತ್ತಿದ್ದಕ್ಕೂ ಸ್ವರ ಕೇಳಿದ್ದಕ್ಕೂ 40 ಮಿಲಿಸೆಕೆಂಡ್ ಅಂತರ ಇದ್ದರೂ ತಾಳ ತಪ್ಪುತ್ತದೆ. ಅವರಿಗೆ ವೈರ್ ಇರುವ ಹೆಡ್‌ಫೋನೇ ಸರಿ.