ಸೋಡಾ ಒಂದು ಕಡೆ, ವಿನೆಗರ್ ಇನ್ನೊಂದು ಕಡೆ: ಮನೆ ಕ್ಲೀನಿಂಗ್‌ನಲ್ಲಿ ನನ್ನ ಅನುಭವ

ಸಿಂಕ್ ಕೆಳಗಿನ ಕಪಾಟಲ್ಲಿ ನಾನು ಈಗ ಇಟ್ಕೊಂಡಿರೋದು ನಾಲ್ಕೇ ಐಟಂ. ಬಿಳಿ ವಿನೆಗರ್, ಅಡುಗೆ ಸೋಡಾ, ವಾಷಿಂಗ್ ಸೋಡಾ, ಆಮೇಲೆ ಸಿಟ್ರಿಕ್ ಆಸಿಡ್ ಪುಡಿ, ನಿಂಬೆ ಉಪ್ಪು ಅಂತಾರಲ್ಲ ಅದು. ಪಾತ್ರೆ ತೊಳೆಯೋ ಲಿಕ್ವಿಡ್ ಹೇಗೂ ಇದ್ದೇ ಇರುತ್ತೆ. ವಿಡಿಯೋಗಳಲ್ಲಿ ತೋರಿಸ್ತಾರಲ್ಲ, ಸೋಡಾ ಹಾಕಿ ಮೇಲೆ ವಿನೆಗರ್ ಸುರಿದು ಬುಸ್ ಅಂತ ನೊರೆ ಬರಿಸೋದು, ಅದನ್ನ ಮಾತ್ರ ನಾನು ಮಾಡಲ್ಲ. ನೋಡೋಕೆ ಮಜಾ ಇರುತ್ತೆ ನಿಜ, ಆದ್ರೆ ಒಂದು ಹುಳಿ ಇನ್ನೊಂದು ಕ್ಷಾರ, ಸೇರಿದ್ರೆ ಒಂದರ ಶಕ್ತಿ ಇನ್ನೊಂದು ಕಳೆದು ಹಾಕುತ್ತೆ, ಕಾರ್ಬನ್ ಡೈಆಕ್ಸೈಡ್ ಗುಳ್ಳೆ ಎಲ್ಲಾ ಹಾರಿ ಹೋದ್ಮೇಲೆ ಉಳಿಯೋದು ಸೋಡಿಯಂ ಅಸಿಟೇಟ್ ಅನ್ನೋ ಒಂದು ಥರ ಉಪ್ಪು ಕರಗಿರೋ ನೀರು ಅಷ್ಟೇ, ಆ ನೀರಲ್ಲಿ ಜಿಡ್ಡೂ ಹೋಗಲ್ಲ ಬಿಳಿ ಕಲೆಯೂ ಹೋಗಲ್ಲ.

ಅದಕ್ಕೇ ನಾನು ಮೊದಲು ನೋಡೋದು ಕೊಳೆ ಯಾವುದು ಅಂತ. ಗಡಸು ನೀರಿಂದ ಕೂರೋ ಬಿಳಿ ಪದರ ಆದ್ರೆ ಹುಳಿ ಬೇಕು. ಎಣ್ಣೆ ಜಿಡ್ಡು, ಸೀದಿದ್ದು ಆದ್ರೆ ಸೋಡಾ ಬೇಕು.

ಕೆಟಲ್ ಒಳಗೆ ಬಿಳಿ ಕಟ್ಟಿರುತ್ತಲ್ಲ, ಅದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಬ್ರಶ್ ಹಾಕಿ ಎಷ್ಟು ಉಜ್ಜಿದ್ರೂ ಅಲ್ಲಾಡಲ್ಲ. ನಾನು 1 ಲೀಟರ್ ಬಿಸಿ ನೀರಿಗೆ 1ರಿಂದ 2 ಟೇಬಲ್ ಚಮಚ ಸಿಟ್ರಿಕ್ ಆಸಿಡ್ ಹಾಕಿ ಅರ್ಧ ಗಂಟೆ ಹಾಗೇ ಬಿಟ್ಬಿಡ್ತೀನಿ, ಸಣ್ಣ ಸಣ್ಣ ಗುಳ್ಳೆ ಬರೋಕೆ ಶುರುವಾದ್ರೆ ಕೆಲಸ ನಡೀತಿದೆ ಅಂತ ಅರ್ಥ, ಆಮೇಲೆ ಎರಡು ಮೂರು ಸಲ ಚೆನ್ನಾಗಿ ತೊಳೆದ್ರೆ ಆಯ್ತು. ವಿನೆಗರ್ ಕೂಡ ಆಗುತ್ತೆ, ಆದ್ರೆ ಅದರ ವಾಸನೆ ಕೆಟಲ್ ಬಿಟ್ಟು ಹೋಗೋಕೆ ಸತಾಯಿಸುತ್ತೆ. ಶವರ್‌ಗೆ ಮಾತ್ರ ವಿನೆಗರ್ರೇ, ಒಂದು ಪ್ಲಾಸ್ಟಿಕ್ ಕವರ್‌ಗೆ ಹಾಕಿ ಶವರ್ ತಲೆ ಮುಳುಗೋ ಹಾಗೆ ರಬ್ಬರ್ ಬ್ಯಾಂಡ್ ಕಟ್ಟಿ ಅರ್ಧ ಗಂಟೆ ಬಿಟ್ರೆ ತೂತುಗಳು ಬಿಟ್ಕೊಳ್ತವೆ. ರಾತ್ರಿಯೆಲ್ಲಾ ಬಿಡಬೇಡಿ, ಮೇಲಿನ ಪಾಲಿಶ್ ಹಾಳಾಗೋ ಚಾನ್ಸ್ ಇದೆ. ಹಾಂ, ಮಾರ್ಬಲ್ ಹತ್ರ ಯಾವ ಹುಳಿಯನ್ನೂ ತರಬೇಡಿ, ನಿಂಬೆರಸ ಕೂಡ ಬೇಡ, ಮಾರ್ಬಲ್ಲೂ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್, ಕಲೆ ಜೊತೆ ಕಲ್ಲಿನ ಹೊಳಪನ್ನೂ ತಿನ್ನುತ್ತೆ.

ಇನ್ನು ಸೀದ ಪಾತ್ರೆ. ಸ್ಟೀಲ್ ಪಾತ್ರೆ ತಳ ಹಿಡಿದ್ರೆ ಉಜ್ಜೋಕೇ ಹೋಗಲ್ಲ ನಾನು, ಸೀದಿದ್ದು ಮುಳುಗೋಷ್ಟು ನೀರು, ಎರಡು ಚಮಚ ಅಡುಗೆ ಸೋಡಾ, ಹತ್ತು ನಿಮಿಷ ಸಣ್ಣ ಉರೀಲಿ ಕುದಿಸಿ ಆರೋಕೆ ಬಿಡೋದು. ಮರದ ಸೌಟಲ್ಲಿ ತಳ್ಳಿದ್ರೆ ಹೆಚ್ಚು ಕಮ್ಮಿ ಎಲ್ಲಾ ಎದ್ದು ಬರುತ್ತೆ, ಉಳಿದಿದ್ದಕ್ಕೆ ಸೋಡಾಗೇ ಸ್ವಲ್ಪ ನೀರು ಹಾಕಿ ಪೇಸ್ಟ್ ಮಾಡಿ ಉಜ್ಜಬಹುದು. ಅಲ್ಯೂಮಿನಿಯಂ ಪಾತ್ರೆಗೆ ಇದು ಬೇಡ, ಕ್ಷಾರ ತಾಗಿದ್ರೆ ಕಪ್ಪಾಗುತ್ತೆ.

ಒಲೆ ಪಕ್ಕದ ಟೈಲ್ಸ್ ಮೇಲೆ ಅಂಟಂಟು ಜಿಡ್ಡು ಕೂತಿರುತ್ತಲ್ಲ, ಅಲ್ಲಿಗೆ ಅಡುಗೆ ಸೋಡಾ ಸಾಲಲ್ಲ, ವಾಷಿಂಗ್ ಸೋಡಾನೇ ಬೇಕು. ಎರಡರ ಪ್ಯಾಕೆಟ್ ಅದಲು ಬದಲು ಮಾಡ್ಕೋಬೇಡಿ, ವಾಷಿಂಗ್ ಸೋಡಾ ಸೋಡಿಯಂ ಕಾರ್ಬೊನೇಟ್, ಕ್ಷಾರ ತುಂಬಾ ಜಾಸ್ತಿ, ಕೈಗೆ ಗ್ಲೌಸ್ ಇರಲೇಬೇಕು, ತಿನ್ನೋ ವಸ್ತು ಹತ್ರ ಇಡಲೇಬಾರದು. ಬಿಸಿ ನೀರಲ್ಲಿ ಒಂದು ಚಮಚ ಕರಗಿಸಿ, ಎರಡು ಹನಿ ಪಾತ್ರೆ ಲಿಕ್ವಿಡ್ ಹಾಕಿ, ಬಟ್ಟೆ ಅದ್ದಿ ಹಚ್ಚಿ ಐದು ನಿಮಿಷ ಬಿಟ್ಟು ಒರೆಸಿದ್ರೆ ಹಳೇ ಜಿಡ್ಡೂ ಸಡಿಲ ಆಗುತ್ತೆ. ಎಕ್ಸಾಸ್ಟ್ ಫ್ಯಾನಿನ ಪ್ಲಾಸ್ಟಿಕ್ ರೆಕ್ಕೆಗೂ ಇದೇ, ಆದ್ರೆ ಮೊದಲು ಕರೆಂಟ್ ಆಫ್ ಮಾಡಿ ರೆಕ್ಕೆ ಬಿಚ್ಕೊಳ್ಳಿ.

ಹುಳಿ, ಸೋಡಾ ಎರಡೂ ಬೇಡದ ಕೆಲಸಗಳೂ ಇವೆ. ಹೊಸ ಡಬ್ಬಿ ಮೇಲಿನ ಸ್ಟಿಕ್ಕರ್ ಗೋಂದಿಗೆ ಅಡುಗೆ ಎಣ್ಣೆ ಸವರಿ ಹದಿನೈದು ನಿಮಿಷ ಬಿಟ್ರೆ ಬೆರಳಲ್ಲೇ ಉರುಳಿ ಬರುತ್ತೆ, ಆಮೇಲೆ ಸೋಪ್ ಹಾಕಿ ತೊಳೆದ್ರೆ ಮುಗೀತು. ಅರಿಶಿನ ಹಿಡಿದ ಪ್ಲಾಸ್ಟಿಕ್ ಡಬ್ಬಿ ಆದ್ರೆ ತೊಳೆದು ಬಿಸಿಲಿಗೆ ಇಡ್ತೀನಿ, ಅರಿಶಿನದ ಬಣ್ಣ ಬೆಳಕಿಗೆ ತಡ್ಕೊಳ್ಳಲ್ಲ. ಅದೇ ಕಲೆ ಮೇಲೆ ಸೋಡಾ ಹಾಕಿದ್ರೆ ಕೆಂಪಾಗುತ್ತೆ, ಹೆದರ್ಕೋಬೇಡಿ. ಹಣ್ಣಿನ ಸುತ್ತ ಹಾರೋ ಗುಂಗುರಿಗೆ ಒಂದು ಬಟ್ಟಲಲ್ಲಿ ವಿನೆಗರ್ ಹಾಕಿ ಒಂದು ಹನಿ ಪಾತ್ರೆ ಲಿಕ್ವಿಡ್ ಬಿಡಿ. ವಾಸನೆಗೆ ಬರ್ತವೆ, ಸೋಪಿಂದಾಗಿ ನೀರಿನ ಮೇಲೆ ನಿಲ್ಲೋಕಾಗದೆ ಮುಳುಗ್ತವೆ. ಈ ಒಂದು ಹನಿ ಇಲ್ಲದಿದ್ರೆ ಬಂದು ಕುಡಿದು ಎದ್ದು ಹೋಗ್ತವೆ ಅಷ್ಟೇ!

ಟಾಯ್ಲೆಟ್‌ಗೆ ಬ್ಲೀಚ್ ಬಳಸೋರು ಒಂದು ವಿಷಯದಲ್ಲಿ ಹುಷಾರು, ಬ್ಲೀಚ್ ಹಾಕಿದ ಜಾಗಕ್ಕೆ ವಿನೆಗರ್, ಸಿಟ್ರಿಕ್ ಆಸಿಡ್, ನಿಂಬೆರಸ ಏನೂ ಸೋಕಬಾರದು, ಕ್ಲೋರಿನ್ ಗ್ಯಾಸ್ ಬರುತ್ತೆ, ಬಾಗಿಲು ಮುಚ್ಚಿದ ಬಾತ್‌ರೂಮಲ್ಲಿ ಅದು ತಮಾಷೆ ವಿಷಯ ಅಲ್ಲ. ಇನ್ನು ವಿನೆಗರ್ ಅಂದ್ರೆ ಕೀಟಾಣು ಎಲ್ಲಾ ಸಾಯುತ್ತೆ ಅಂತ ನಂಬೋರು ಇದ್ದಾರೆ, ಅದು ಕಲೆ ತೆಗೆಯೋಕೆ ಸರಿ, ಹಸಿ ಮಾಂಸ ಇಟ್ಟ ಕಟಿಂಗ್ ಬೋರ್ಡ್‌ಗೆ ಅದನ್ನ ನಂಬ್ಕೊಂಡು ಕೂರಬಾರದು.

ಸಿಟ್ರಿಕ್ ಆಸಿಡ್ ನೀರು ಮಾಡಿ ತಿಂಗಳುಗಟ್ಟಲೆ ಇಡಬೇಡಿ, ಬೂಷ್ಟು ಹಿಡಿಯುತ್ತೆ, ಬೇಕಾದಾಗ ಬೇಕಾದಷ್ಟೇ ಕಲಸ್ಕೊಳ್ಳಿ. ಬಾಟಲಿಗೆ ತುಂಬಿಸಿದ್ರೆ ಮೇಲೆ ಹೆಸರು ಬರೆದು ಅಂಟಿಸಿ, ಕುಡಿಯೋ ನೀರಿನ ಬಾಟಲಿ ಅಂತೂ ಬೇಡವೇ ಬೇಡ.