ಬೀಗದಷ್ಟೇ ಗಟ್ಟಿಯಿರಬೇಕಾದ ಸ್ಟ್ರೈಕ್ ಪ್ಲೇಟ್

ಮುಂಬಾಗಿಲನ್ನು ಒದ್ದಾಗ ಸಾಮಾನ್ಯವಾಗಿ ಮೊದಲು ಕಿತ್ತುಬರುವುದು ಬೀಗವಲ್ಲ, ಬೀಗದ ನಾಲಿಗೆಯನ್ನು ಹಿಡಿದಿಡುವ ಸ್ಟ್ರೈಕ್ ಪ್ಲೇಟ್ ಮತ್ತು ಅದರ ಸುತ್ತಲಿನ ಚೌಕಟ್ಟಿನ ಮರ. ಆದ್ದರಿಂದ ತೆಳು ತಗಡಿನ ಪಟ್ಟಿಯನ್ನು ಬಿಟ್ಟು, ಕನಿಷ್ಠ ನಾಲ್ಕು ಸ್ಕ್ರೂ ಹಿಡಿಯುವ, ಉದ್ದನೆಯ ದಪ್ಪ ಉಕ್ಕಿನ ಪ್ಲೇಟನ್ನೇ ಆರಿಸಬೇಕು. ನಾಲಿಗೆಯ ತುದಿಗೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚಿ, ಬಾಗಿಲು ಮುಚ್ಚಿ ಕೀಲಿ ತಿರುಗಿಸಿದರೆ ಚೌಕಟ್ಟಿನ ಮೇಲೆ ಸರಿಯಾದ ಜಾಗದಲ್ಲಿ ಗುರುತು ಬೀಳುತ್ತದೆ. ಅಲ್ಲಿ ನಾಲಿಗೆ ಪೂರ್ತಿ ಒಳಹೋಗುವಷ್ಟು ಆಳಕ್ಕೆ ಕೊರೆದು, ಪ್ಲೇಟ್ ಮರದ ಮಟ್ಟಕ್ಕೆ ಕೂರುವಂತೆ ಉಳಿಯಿಂದ ತೆಳುವಾಗಿ ಕೆತ್ತಬೇಕು. ಪೊಟ್ಟಣದಲ್ಲಿ ಬರುವ ಗಿಡ್ಡ ಸ್ಕ್ರೂಗಳನ್ನು ದಯವಿಟ್ಟು ನಂಬಬೇಡಿ. ಸ್ಕ್ರೂಗಿಂತ ಸಣ್ಣ ಡ್ರಿಲ್ ಬಿಟ್‌ನಿಂದ ಮೊದಲು ತೂತು ಮಾಡಿ, ಚೌಕಟ್ಟಿನ ದಪ್ಪಕ್ಕೆ ತಕ್ಕಂತೆ 2ರಿಂದ 3 ಇಂಚಿನ ಸ್ಕ್ರೂಗಳನ್ನು ಬಿಗಿಯಿರಿ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಮಳೆಗಾಲಕ್ಕೆ ಮರ ಉಬ್ಬುವುದರಿಂದ ನಾಲಿಗೆ ಹೋಗುವ ರಂಧ್ರವನ್ನು ಕೊಂಚ ಸಡಿಲವಾಗಿಯೇ ಬಿಡುವುದು ಒಳಿತು.